ಕೋತಿಗಳ ಬೋಳು ಮಚ್ಚೆ: ಹುಳುಕಡ್ಡಿಯೋ, ಕಿತ್ತ ಕೂದಲೋ?

ಗೇರುಮರ:
ಎಲ್ಲರಿಗೂ ನಮಸ್ಕಾರ. ರಕ್ಷಿಸಿ ತಂದ 11 ಬಾನೆಟ್ ಕೋತಿಗಳು ಒಂದೇ ಆವರಣದಲ್ಲಿವೆ. ನಾಲ್ಕಕ್ಕೆ ಕೂದಲು ಉದುರಿದೆ. ಒಂದು ಹೆಣ್ಣು, ಸುಮಾರು 4 ಕೆ.ಜಿ., ಎರಡೂ ಮುಂಗೈ ಮತ್ತು ಎರಡೂ ತೊಡೆಯ ಹೊರಬದಿ ಬೋಳಾಗಿದೆ. ಚರ್ಮ ನಯವಾಗಿದೆ, ಕೆಂಪಿಲ್ಲ, ಹೊಟ್ಟೂ ಇಲ್ಲ. ಒಂದೂವರೆ ವರ್ಷದ ಮರಿಗೆ ಬಲಗಿವಿಯ ಹಿಂದೆ ಮತ್ತು ಹುಬ್ಬಿನ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ದುಂಡನೆಯ ಮಚ್ಚೆ, ಅಂಚಿನಲ್ಲಿ ಬೂದು ಹೊಟ್ಟು. ಯಾರದೋ ಮನೆಯಲ್ಲಿ ಕಟ್ಟಿಹಾಕಿದ್ದ ಗಂಡಿಗೆ ಸೊಂಟದ ಸುತ್ತ ಎರಡು ಬೆರಳಗಲ ಕೂದಲಿಲ್ಲ. ಅಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗಿದೆ. ನಾಲ್ಕನೆಯದು ಮುದಿ ಹೆಣ್ಣು. ಕಿವಿಯಂಚು, ಮೊಣಕೈ, ಹೊಟ್ಟೆ ಎಲ್ಲ ಕಡೆ ತುರಿಕೆ, ಹೊತ್ತುಗೊತ್ತಿಲ್ಲದೆ ಕೆರೆದುಕೊಳ್ಳುತ್ತದೆ.

ಇದು ಹುಳುಕಡ್ಡಿ, ಎಲ್ಲಕ್ಕೂ ಮಾತ್ರೆ ಶುರುಮಾಡಿ ಎಂಬ ಸಲಹೆ ಬಂದಿದೆ. ಮಾಡಬಹುದೇ? ಸದ್ಯಕ್ಕೆ ಕೀಪರ್ ಮೆಡಿಕಲ್ ಅಂಗಡಿಯಿಂದ ತಂದ ಮುಲಾಮನ್ನು ಮರಿಗೆ ಮೂರು ದಿನದಿಂದ ಹಚ್ಚುತ್ತಿದ್ದಾರೆ.

ಹೆಬ್ಬಲಸು:
ಈಗಲೇ ಮಾತ್ರೆ ಬೇಡ ಸರ್. ಮುಲಾಮನ್ನೂ ಇವತ್ತೇ ನಿಲ್ಲಿಸಿ. ನೀವು ಬರೆದದ್ದನ್ನು ನೋಡಿದರೆ ನಾಲ್ಕು ಪ್ರಾಣಿಗೆ ನಾಲ್ಕು ಬೇರೆ ಕಾರಣ ಇರುವಂತಿದೆ. ಪಂಜರದ ಮಕಾಕ್‌ಗಳಲ್ಲಿ (ಬಾನೆಟ್ ಕೋತಿಯೂ ಸೇರಿದ ಕುಲ) ಕೂದಲು ಉದುರುವುದು ತೀರಾ ಸಾಮಾನ್ಯ, ಆದರೆ ಅದರಲ್ಲಿ ಹುಳುಕಡ್ಡಿ ತರುವ ಫಂಗಸ್‌ನ ಪಾಲು ಚಿಕ್ಕದು. ಹೆಚ್ಚಿನವು ತಾವೇ ಕಿತ್ತುಕೊಂಡದ್ದು ಅಥವಾ ಜೊತೆಗಾರರು ಹೇನು ನೋಡುವ ನೆಪದಲ್ಲಿ ಕಿತ್ತದ್ದು. ಬಸುರಿ ಹೆಣ್ಣುಗಳಲ್ಲಿ ತೆಳುವಾಗುತ್ತದೆ, ಋತು ಬದಲಾದಾಗ ಉದುರುತ್ತದೆ, ಮುಪ್ಪಿನಲ್ಲೂ ಉದುರುತ್ತದೆ.

ಮೊದಲು ಕೂದಲಿನ ತುದಿ ನೋಡಿ. ಬೋಳಿನ ಅಂಚಿನಿಂದ ಹತ್ತಿಪ್ಪತ್ತು ಕೂದಲನ್ನು ಹಲ್ಲಿಲ್ಲದ ಚಿಮಟದಲ್ಲಿ, ಬೆಳೆದ ದಿಕ್ಕಿಗೇ ಎಳೆದು ಕಿತ್ತು, ಸ್ಲೈಡಿನ ಮೇಲೆ ಒಂದು ಹನಿ ಲಿಕ್ವಿಡ್ ಪ್ಯಾರಾಫಿನ್ ಹಾಕಿ ಸಾಲಾಗಿ ಮಲಗಿಸಿ. ಮೈಕ್ರೋಸ್ಕೋಪಿನ 4x, ಆಮೇಲೆ 10x ಸಾಕು. ತಾನಾಗಿ ಬೆಳೆದ ಕೂದಲಿನ ತುದಿ ಸೂಜಿಯಂತೆ ಸಣ್ಣಗಾಗುತ್ತ ಹೋಗಿರುತ್ತದೆ. ಕಚ್ಚಿದ, ಎಳೆದ ಕೂದಲಿನ ತುದಿ ಮುರಿದ ಪೊರಕೆಕಡ್ಡಿಯ ಹಾಗೆ ಸೀಳಿರುತ್ತದೆ. ತುದಿ ಮುರಿದು, ಬುಡ ಗಟ್ಟಿಯಾಗಿ, ಚರ್ಮವೂ ಶುದ್ಧವಾಗಿದ್ದರೆ ಅದು ಕೈ-ಬಾಯಿಯ ಕೆಲಸ. ಫಂಗಸ್ ಹಿಡಿದ ಕೂದಲು ಚರ್ಮದಿಂದ ಸ್ವಲ್ಪವೇ ಮೇಲೆ ಪುಡಿಯಾಗಿ ಮುರಿಯುತ್ತದೆ. ದಂಡು ಊದಿಕೊಂಡಿರುತ್ತದೆ, ಹೊರಮೈ ಮಸುಕಾಗಿ, ಬೂದಿ ಮೆತ್ತಿದಂತೆ ಕಾಣುತ್ತದೆ.

ನಿಮ್ಮ ಮೊದಲ ಹೆಣ್ಣು ನನಗೆ ಕಿತ್ತ ಕೂದಲಿನದೇ ಎನಿಸುತ್ತದೆ. ಎರಡೂ ಬದಿ ಒಂದೇ ಸಮ, ಕೈಗೆ ಎಟಕುವ ಜಾಗ, ನಯವಾದ ಚರ್ಮ. ಸೊಂಟದ ಪಟ್ಟಿ ಹಗ್ಗ ಇಲ್ಲವೇ ಸರಪಳಿಯ ಗುರುತು. ಅಲ್ಲಿ ಕೂದಲಿನ ಬುಡವೇ ಸತ್ತಿದ್ದರೆ ಮತ್ತೆ ಹುಟ್ಟುವುದಿಲ್ಲ, ಅದಕ್ಕೆ ಔಷಧಿಯೂ ಬೇಡ. ಬೆರಳಲ್ಲಿ ಒತ್ತಿ ನೋಡಿ ಒಳಗೆ ದಾರ, ತಂತಿಯ ತುಣುಕು ಹೂತಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಮರಿ ಮತ್ತು ಮುದಿ ಹೆಣ್ಣು, ಈ ಎರಡಕ್ಕೆ ಮಾತ್ರ ಪ್ರಯೋಗಾಲಯ ಬೇಕು.

ಅಗರ್_ತಟ್ಟೆ:
ಸ್ಯಾಂಪಲ್ ತೆಗೆಯುವ ಕ್ರಮ ಹೇಳುತ್ತೇನೆ. ಎಷ್ಟೋ ನೆಗೆಟಿವ್ ವರದಿಗಳು ಸ್ಯಾಂಪಲ್ ಕೆಟ್ಟದ್ದರಿಂದಲೇ ಬರುವುದು.

ಮುಲಾಮು ಹಚ್ಚಿದ ಜಾಗವಾದ್ದರಿಂದ ಕೆಲವು ದಿನ ಬಿಟ್ಟು ತೆಗೆಯಿರಿ. 70% ಸ್ಪಿರಿಟ್‌ನಿಂದ ಮಚ್ಚೆಯನ್ನು ಒರೆಸಿ ಪೂರ್ತಿ ಒಣಗಲು ಬಿಡಿ. ಮಚ್ಚೆಯ ನಡುವೆ ಕೆರೆಯಬೇಡಿ, ಅಲ್ಲಿ ಫಂಗಸ್ ಆಗಲೇ ಸತ್ತಿರಬಹುದು. ಅದು ಹೊರಕ್ಕೆ ಹರಡುವ ಜೀವಿ, ಇರುವುದೇ ಅಂಚಿನಲ್ಲಿ. ಸ್ಕಾಲ್ಪೆಲ್ ಬ್ಲೇಡಿನ ಮೊಂಡು ಬೆನ್ನಿನಿಂದ ಅಂಚಿನ ಹೊಟ್ಟನ್ನು ಕಪ್ಪು ಕಾಗದದ ಮೇಲೆ ಉದುರಿಸಿ, ಮೊಂಡಾಗಿ ಮುರಿದ ಕೂದಲನ್ನೂ ಬುಡಸಮೇತ ಸೇರಿಸಿ. ಕಾಗದ ಮಡಚಿ ಕಾಗದದ ಲಕೋಟೆಯಲ್ಲೇ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ತೇವ ಕಟ್ಟಿ ದಾರಿಯಲ್ಲೇ ಬೂಷ್ಟು ಬೆಳೆಯುತ್ತದೆ, ನಮಗೆ ಸಿಗುವುದು ಅದೇ.

ಮೈಕ್ರೋಸ್ಕೋಪ್ ನಿಮ್ಮಲ್ಲೇ ಇದ್ದರೆ 10-20% ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನ ಒಂದೆರಡು ಹನಿಯಲ್ಲಿ ಕೂದಲು ಇಟ್ಟು, ಕವರ್ ಸ್ಲಿಪ್ ಮುಚ್ಚಿ 20-30 ನಿಮಿಷ ಬಿಡಿ. ಸ್ವಲ್ಪ ಬಿಸಿ ತಾಗಿಸಬಹುದು, ಕುದಿಸಬಾರದು. ಕುದಿದರೆ ಹರಳು ಕಟ್ಟಿ ಏನೂ ಕಾಣುವುದಿಲ್ಲ. 10xನಲ್ಲಿ ಹುಡುಕಿ, 40xನಲ್ಲಿ ಖಚಿತಪಡಿಸಿ. ಕೂದಲಿನ ಸುತ್ತ ಸಾಬಕ್ಕಿ ಅಂಟಿಸಿದ ಹಾಗೆ ದುಂಡು ಕಣಗಳು ಕಂಡರೆ ಅವೇ ಫಂಗಸ್ ಹರಡುವ ಬೀಜಕಗಳು. ಗಾಳಿಗುಳ್ಳೆ, ಎಣ್ಣೆಹನಿ ಒಂದೊಂದೂ ಒಂದೊಂದು ಗಾತ್ರದಲ್ಲಿರುತ್ತವೆ. ಬೀಜಕಗಳು ಹೆಚ್ಚುಕಡಿಮೆ ಒಂದೇ ಗಾತ್ರ, ಸಾಲುಸಾಲು.

ಕಲ್ಚರ್‌ಗೆ, ಅಂದರೆ ಫಂಗಸ್ ಬೆಳೆಸಿ ನೋಡಲು, ಹತ್ತಿರದ ಪಶುವೈದ್ಯಕೀಯ ಕಾಲೇಜಿನ ಮೈಕ್ರೋಬಯಾಲಜಿ ವಿಭಾಗವನ್ನು ಕೇಳಿ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಯಾವುದು ಸಮೀಪವೋ ಅದು. ‘ಮಕಾಕ್, ಚರ್ಮದ ಫಂಗಸ್ ಸಂಶಯ’ ಎಂದು ಲಕೋಟೆಯ ಮೇಲೆ ಬರೆಯಲೇಬೇಕು. ಆಗ ಅವರು ಬೇರೆ ಬೂಷ್ಟು, ಬ್ಯಾಕ್ಟೀರಿಯ ತಡೆಯುವ ಸೈಕ್ಲೋಹೆಕ್ಸಿಮೈಡ್ ಮತ್ತು ಕ್ಲೋರಾಂಫೆನಿಕಾಲ್ ಸೇರಿಸಿದ ಸಾಬುರಾಡ್ ಅಗರ್ (ಫಂಗಸ್ ಬೆಳೆಸುವ ಮಾಧ್ಯಮ) ಬಳಸುತ್ತಾರೆ. ಬರಿ ಸಾಬುರಾಡ್‌ನಲ್ಲಿ ಕೋತಿಯ ಮೈಮೇಲಿನ ಮಣ್ಣಿನ ಬೂಷ್ಟೇ ಮೊದಲು ಬೆಳೆದು ತಟ್ಟೆ ತುಂಬಿಬಿಡುತ್ತದೆ. ನೆಗೆಟಿವ್ ಎಂದು ಬರೆಯುವ ಮುಂಚೆ 4 ವಾರ ಕಾಯಬೇಕು.

ಗೇರುಮರ:
ಧನ್ಯವಾದ. ಹುಳುಕಡ್ಡಿ ನೇರಳೆ ದೀಪದಲ್ಲಿ ಹೊಳೆಯುತ್ತದೆಂದು ಕೇಳಿ, ರಾತ್ರಿ ಹಿಡಿದು ನೋಡಿದೆವು. ಮರಿಯ ಮಚ್ಚೆಯಲ್ಲಿ ಏನೂ ಹೊಳೆಯಲಿಲ್ಲ, ಬೆನ್ನಿನ ಮೇಲೆ ಮಾತ್ರ ನೀಲಿ-ಬಿಳಿ ಚುಕ್ಕೆಗಳು. ಹಾಗಾದರೆ ಮರಿಗೆ ಹುಳುಕಡ್ಡಿ ಇಲ್ಲ ಅಂತಲೇ?

ಅಗರ್_ತಟ್ಟೆ:
ಹಾಗೆ ಹೇಳಲಾಗದು. ದೀಪ ಯಾವುದು? ನೋಟು ಪರೀಕ್ಷಿಸುವ ಅಗ್ಗದ ಟಾರ್ಚ್‌ಗಳು ಹೆಚ್ಚಾಗಿ 395 ನ್ಯಾನೊಮೀಟರಿನವು. ನೇರಳೆ ಬೆಳಕೇ ಕಣ್ಣಿಗೆ ಹೊಡೆದು ಫಂಗಸ್‌ನ ಹಸಿರು ಹೊಳಪು ಮುಚ್ಚಿಹೋಗುತ್ತದೆ. ಬೇಕಾದದ್ದು 365. ಹಳೆಯ ಟ್ಯೂಬಿನ ವುಡ್ಸ್ ಲ್ಯಾಂಪ್ (ಚರ್ಮ ನೋಡುವ ನೇರಳಾತೀತ ದೀಪ) ಆದರೆ 5 ನಿಮಿಷ ಬಿಸಿಯಾಗಲು ಬಿಡಿ, ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ನೋಡಿ. ಬೆನ್ನಿನ ನೀಲಿ-ಬಿಳಿ ಚುಕ್ಕೆ ಧೂಳು, ಹೊಟ್ಟು, ಬಟ್ಟೆಯ ನಾರು. ನಿಜವಾದ ಹೊಳಪು ಎಳೆ ಸೇಬಿನ ಹಸಿರು, ಅದೂ ಕೂದಲಿನ ದಂಡಿನ ಉದ್ದಕ್ಕೆ ಮಾತ್ರ.

ಹಾಗೆ ಹೊಳೆಯುವುದು ಮುಖ್ಯವಾಗಿ ಬೆಕ್ಕಿನಿಂದ ಬರುವ ಮೈಕ್ರೋಸ್ಪೋರಂ ಕ್ಯಾನಿಸ್ ಎಂಬ ಫಂಗಸ್. ಅದರಲ್ಲೂ ಎಲ್ಲ ತಳಿಗಳೂ ಹೊಳೆಯವು. ಟ್ರೈಕೋಫೈಟಾನ್ ಮೆಂಟಾಗ್ರೊಫೈಟಿಸ್, ಮಣ್ಣಿನ ನ್ಯಾನಿಜಿಯಾ ಜಿಪ್ಸಿಯಾ ಇವನ್ನು ದೀಪದಲ್ಲಿ ಹುಡುಕಿ ಪ್ರಯೋಜನವಿಲ್ಲ. ಹಸಿರು ಕಂಡರೆ ಆ ಕೂದಲನ್ನೇ ಕಿತ್ತು ಕಳಿಸಿ. ಕಾಣದಿದ್ದರೆ ಅದರಿಂದ ಏನೂ ತೀರ್ಮಾನ ಆಗುವುದಿಲ್ಲ.

ಹೆಬ್ಬಲಸು:
ಮುದಿ ಹೆಣ್ಣಿಗೆ ಕಜ್ಜಿ ನೋಡಿ. ಕಿವಿಯಂಚು, ಮೊಣಕೈ, ಹೊಟ್ಟೆ, ಬಿಡದ ತುರಿಕೆ: ಇದು ಸಾರ್ಕೋಪ್ಟಿಸ್ ನುಸಿಯ ಚಿತ್ರ. ಬ್ಲೇಡಿಗೆ ಲಿಕ್ವಿಡ್ ಪ್ಯಾರಾಫಿನ್ ಸವರಿ, ಹನಿರಕ್ತ ಜಿನುಗುವವರೆಗೆ ಕನಿಷ್ಠ ಐದಾರು ಕಡೆ ಕೆರೆಯಿರಿ. ಸಿಗದಿದ್ದರೂ ಲಕ್ಷಣ ಇಷ್ಟು ಹೊಂದಿದರೆ ನುಸಿ ಕೊಲ್ಲುವ ಐವರ್‌ಮೆಕ್ಟಿನ್ ಕೆ.ಜಿ.ಗೆ 0.2 ಮಿ.ಗ್ರಾಂ., 14 ದಿನಕ್ಕೆ ಇನ್ನೊಮ್ಮೆ, ನಿಮ್ಮ ಪಶುವೈದ್ಯರ ಕೈಯಲ್ಲಿ. ಈ ಪ್ರಾಣಿಗೆ ಫಂಗಸ್ ಎಂದುಕೊಂಡು ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ನುಸಿ ಮೈಯೆಲ್ಲ ಹರಡುತ್ತದೆ.

ಅರಿವಳಿಕೆ ಕೊಡುವುದಾದರೆ ಒಂದೇ ಸಲಕ್ಕೆ ಎಲ್ಲ ಕೆಲಸ ಮುಗಿಸಿ. ದೊಡ್ಡವಕ್ಕೆ ರಾತ್ರಿಯಿಂದ ಆಹಾರ ಬಂದ್. ಕೆನ್ನೆಚೀಲದಲ್ಲಿ ಕಡಲೆ ಬಚ್ಚಿಟ್ಟಿರುತ್ತವೆ, ಮಲಗಿದ ತಕ್ಷಣ ಬೆರಳು ಹಾಕಿ ಖಾಲಿ ಮಾಡಿ, ಇಲ್ಲದಿದ್ದರೆ ಉಸಿರ್ನಾಳಕ್ಕೆ ಹೋಗುತ್ತದೆ. ಸ್ಕ್ವೀಝ್ ಕೇಜ್‌ನಲ್ಲಿ (ಗೋಡೆ ಸರಿಸಿ ಪ್ರಾಣಿಯನ್ನು ಒತ್ತಿಹಿಡಿಯುವ ಪಂಜರ) ಅರಿವಳಿಕೆಯ ಕೆಟಮಿನ್ ಸಾಮಾನ್ಯವಾಗಿ ಕೆ.ಜಿ.ಗೆ 10 ಮಿ.ಗ್ರಾಂ. ಸ್ನಾಯುವಿಗೆ. ತೂಕ, ರಕ್ತ, ಕೂದಲು, ಚರ್ಮ, ಜೊತೆಗೆ ಮೇಲುರೆಪ್ಪೆಗೆ 0.1 ಮಿ.ಲೀ. ಟ್ಯುಬರ್ಕುಲಿನ್. ಕ್ಷಯದ ಈ ಪರೀಕ್ಷೆಯನ್ನು 24, 48, 72 ಗಂಟೆಗೆ ಓದಬೇಕು. ಬಡಕಲಾಗಿ ಕೂದಲು ಕಳೆದುಕೊಂಡ ಕೋತಿಯಲ್ಲಿ ಕ್ಷಯವನ್ನು ಮರೆಯುವಂತಿಲ್ಲ.

ಕೈಗವಸು, ಮಾಸ್ಕ್ ಜೊತೆ ಮುಖದ ಮುಂದೆ ಶೀಲ್ಡ್ ಕಡ್ಡಾಯ. ಮಕಾಕ್‌ಗಳ ಎಂಜಲಿನಲ್ಲಿ ಬಿ ವೈರಸ್ ಇರಬಹುದು. ಕೋತಿಗೆ ಅದು ಬಾಯಿಹುಣ್ಣು, ಮನುಷ್ಯನಿಗೆ ಪ್ರಾಣಾಂತಿಕ. ಕಚ್ಚಿದರೆ, ಪರಚಿದರೆ, ಕಣ್ಣಿಗೆ ಎಂಜಲು ಸಿಡಿದರೆ ಅಲ್ಲೇ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ರೇಬಿಸ್ ಲಸಿಕೆಯ ಮಾತೂ ಅಲ್ಲೇ.

ಹೊನ್ನೆ:
ಮೊದಲ ಹೆಣ್ಣಿನ ಬಗ್ಗೆ ನಾನು ಬರೆಯುತ್ತೇನೆ. ಯಾರು ಕೀಳುತ್ತಿದ್ದಾರೆ ಎಂಬುದನ್ನು ಕಣ್ಣಾರೆ ನೋಡಬೇಕು. ಊಟಕ್ಕೆ ಒಂದು ಗಂಟೆ ಮುಂಚೆ ಮತ್ತು ಮಧ್ಯಾಹ್ನ ಬಿಸಿಲೇರಿದಾಗ, ತಲಾ 30 ನಿಮಿಷ, ನಿಮಿಷಕ್ಕೊಮ್ಮೆ ಯಾರ ಕೈ ಯಾರ ಮೈಮೇಲಿದೆ ಎಂದು ಬರೆದಿಡಿ. ಸರಿಯಾದ ಹೇನು ನೋಡುವಿಕೆಯಲ್ಲಿ ಬೆರಳು ಕೂದಲನ್ನು ಬಿಡಿಸುತ್ತದೆ, ಆಮೇಲೆ ಬಾಯಿ. ಕೀಳುವ ಕೋತಿ ಒಂದೇ ಜಾಗ ಹಿಡಿದು ತುಟಿಯಲ್ಲಿ ಎಳೆಯುತ್ತದೆ, ಎಳೆದ ಕೂದಲನ್ನು ನುಂಗುತ್ತದೆ. ಲದ್ದಿಯನ್ನು ನೀರಿನಲ್ಲಿ ಕದಡಿ ನೋಡಿದರೆ ಕೂದಲಿನ ಎಳೆ ಸಿಗುತ್ತದೆ, ಬರಿಗಣ್ಣಿಗೇ ಕಾಣುತ್ತದೆ. ಕೈ ಮುಟ್ಟದ ಬೆನ್ನ ನಡುವೆ ಬೋಳಿದ್ದರೆ ಕಿತ್ತವರು ಬೇರೆಯವರು ಎಂದೇ ಲೆಕ್ಕ.

ತಿನ್ನಲು ಏನು ಕೊಡುತ್ತೀರಿ? ಬಾಳೆಹಣ್ಣು, ಬನ್ನು, ಅನ್ನ ಇಷ್ಟೇ ಆದರೆ ಪ್ರೋಟೀನೂ ಸತುವೂ ಸಾಲದು. ಕೂದಲು ಅಂದರೇ ಪ್ರೋಟೀನು. ಹೆಸರುಕಾಳು, ಕಡಲೆಯನ್ನು ನೆನೆಸಿ ಮೊಳಕೆ ಕಟ್ಟಿಸಿ ಕೊಡಿ. ಮೊಳಕೆಯಲ್ಲಿ ಸತುವನ್ನು ಹಿಡಿದಿಡುವ ಫೈಟೇಟ್ ಇಳಿದು ಸತು ಮೈಗೆ ಹತ್ತುತ್ತದೆ. ಬೇಯಿಸಿದ ಮೊಟ್ಟೆ ವಾರಕ್ಕೆ ಎರಡು ಸಲ. ಸಿ ಜೀವಸತ್ವವನ್ನು ಕೋತಿಯೂ ನಮ್ಮಂತೆಯೇ ಮೈಯಲ್ಲಿ ತಯಾರಿಸಿಕೊಳ್ಳಲಾರದು, ಹಾಗಾಗಿ ದಿನವೂ ಸೀಬೆ ಅಥವಾ ನೆಲ್ಲಿಕಾಯಿ.

ಊಟವನ್ನು ತಟ್ಟೆಯಲ್ಲಿ ಸುರಿದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಉಳಿದ ಹಗಲಿಡೀ ಆ ಕೈಗಳಿಗೆ ಕೆಲಸ ಏನು? ಕಾಡಿನ ಕೋತಿ ಹಗಲಿನ ಬಹುಪಾಲು ಹುಡುಕುವುದರಲ್ಲಿ, ಸುಲಿಯುವುದರಲ್ಲಿ ಕಳೆಯುತ್ತದೆ. ಒಣಹುಲ್ಲನ್ನು ಒಂದು ಗೇಣು ಎತ್ತರ ಹರಡಿ ಅದರೊಳಗೆ ಹುರುಳಿ, ಸೂರ್ಯಕಾಂತಿ ಬೀಜ ಚೆಲ್ಲಿ. ಸಿಪ್ಪೆ ಸಮೇತದ ಅವರೆಕಾಯಿ, ಜೋಳದ ತೆನೆ, ಆಲದ ಕೊಂಬೆ ಕೊಡಿ. ಹುಲ್ಲನ್ನು ವಾರದೊಳಗೆ ಬದಲಿಸಿ. ಮಳೆಗಾಲದಲ್ಲಿ ಒದ್ದೆಯಾದರೆ ಅದೇ ದಿನ ತೆಗೆಯಿರಿ. ಕೂದಲು ನಿಧಾನವಾಗಿ ಬರುತ್ತದೆ, ಎರಡು ಮೂರು ತಿಂಗಳು ಬೇಕು. ಪ್ರತಿ ತಿಂಗಳ ಒಂದೇ ತಾರೀಖು, ಒಂದೇ ಬೆಳಕಿನಲ್ಲಿ ಫೋಟೊ ತೆಗೆದಿಟ್ಟರೆ ಮಾತ್ರ ಬದಲಾವಣೆ ಗೊತ್ತಾಗುತ್ತದೆ.

ಶರಾವತಿ_ತೀರ:
ನಡುವೆ ಒಂದು ಪ್ರಶ್ನೆ. ನಮ್ಮೂರ ತೋಟದ ಅಂಚಿಗೆ ಬರುವ ಮಂಗವೊಂದಕ್ಕೆ ಕೂದಲಿಲ್ಲ, ಮಂಕಾಗಿ ಕೂತಿರುತ್ತದೆ. ಹಿಡಿದು ಔಷಧಿ ಹಚ್ಚಬಹುದೇ?

ಹೆಬ್ಬಲಸು:
ಮುಟ್ಟಲೇಬೇಡಿ. ಮಲೆನಾಡಿನಲ್ಲಿ ಮಂಕಾದ ಮಂಗ ಅಂದರೆ ಮೊದಲು ಬರಬೇಕಾದ ನೆನಪು ಮಂಗನ ಕಾಯಿಲೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗೊತ್ತಾದದ್ದು, ಹರಡುವುದು ಉಣ್ಣೆಯಿಂದ. ಸತ್ತ ಮಂಗದ ಮೈಯಿಂದ ಉಣ್ಣೆಗಳು ಸುತ್ತ ಉದುರುತ್ತವೆ. ಅರಣ್ಯ ಇಲಾಖೆಗೂ ಆರೋಗ್ಯ ಕೇಂದ್ರಕ್ಕೂ ತಿಳಿಸಿ, ಮಕ್ಕಳು ದನ ಆ ಕಡೆ ಹೋಗದಂತೆ ನೋಡಿಕೊಳ್ಳಿ. ಕಾಡುಕೋತಿಯನ್ನು ಹಿಡಿಯುವುದು, ಸಾಕುವುದು ಕಾನೂನಿನಲ್ಲೂ ಇಲ್ಲ.

ಗೇರುಮರ:
ಎಲ್ಲರ ಮಾತಿನಂತೆ ಮಾಡಿದೆವು. ಮೊದಲ ಹೆಣ್ಣಿನ ಕೂದಲ ತುದಿ ಪೂರ್ತಿ ಸೀಳಿತ್ತು. ಮುದಿ ಹೆಣ್ಣಿನಲ್ಲಿ ನುಸಿ ಸಿಕ್ಕಿತು. ಮರಿಯ ಕೂದಲಿನಲ್ಲಿ ಸಾಬಕ್ಕಿ ಸಾಲು ಕಂಡಿತು. ಹುಳುಕಡ್ಡಿ ಫಂಗಸ್ ಬೆಳೆದರೆ ಕೆಂಪಾಗುವ ಡಿಟಿಎಂ ಮಾಧ್ಯಮದ ಬಾಟಲಿಯಲ್ಲೂ ಕಲ್ಚರ್ ಇಟ್ಟಿದ್ದೆವು, 9ನೇ ದಿನ ಬಿಳಿಚು ಕೆನೆಬಣ್ಣದ ಹುಡಿ ಬೆಳೆದು ಅಂದೇ ಮಾಧ್ಯಮ ಕೆಂಪಾಯಿತು. ಇನ್ನೊಂದು ವಿಷಯ: ಕೀಪರ್‌ಗೆ ಸೊಂಟದಲ್ಲಿ ಗಜಕರ್ಣ (ಮನುಷ್ಯರ ಹುಳುಕಡ್ಡಿ) ಇದೆಯಂತೆ, ಮರಿಗೆ ಹಚ್ಚಿದ್ದು ಅವರದೇ ಟ್ಯೂಬ್. ಆವರಣದ ಗೋಡೆಗೆ ತಾಗಿ ಕೋಳಿಗೂಡೂ ಇದೆ.

ಅಗರ್_ತಟ್ಟೆ:
ಬೆಳೆ ಮತ್ತು ಬಣ್ಣ ಒಂದೇ ದಿನ ಬಂದದ್ದು ಒಳ್ಳೆಯ ಸೂಚನೆ. ದಿನವೂ ನೋಡದೆ 15ನೇ ದಿನ ತೆರೆದಿದ್ದರೆ ಈ ಮಾತು ಹೇಳಲಾಗುತ್ತಿರಲಿಲ್ಲ, ಮಣ್ಣಿನ ಬೂಷ್ಟೂ ತಡವಾಗಿ ಕೆಂಪು ಮಾಡುತ್ತದೆ. ಕಪ್ಪು, ಹಸಿರು ಬೆಳೆ ಆಗಿದ್ದರೆ ಬಣ್ಣ ಏನೇ ಇರಲಿ ಬಿಸಾಡಿ. ಆದರೆ ಕೆಂಪು ಬಣ್ಣ ಹೆಸರು ಹೇಳುವುದಿಲ್ಲ. ಪಾರದರ್ಶಕ ಟೇಪಿನಿಂದ ಬೆಳೆಯನ್ನು ಒತ್ತಿ, ಲ್ಯಾಕ್ಟೊಫಿನಾಲ್ ಕಾಟನ್ ಬ್ಲೂ ಎಂಬ ನೀಲಿ ಬಣ್ಣದ ಹನಿಯ ಮೇಲೆ ಅಂಟಿಸಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು.

ಹುಡಿಹುಡಿ ಕೆನೆಬಣ್ಣ, ಪಕ್ಕದಲ್ಲಿ ಕೋಳಿ, ರೋಗಿ ಕೋತಿ: ಈ ಮೂರೂ ಸೇರಿದಾಗ ನಾನು ಹುಡುಕುವುದು ಟ್ರೈಕೋಫೈಟಾನ್ ಸಿಮಿಯೈ. ಹೆಸರಿನಲ್ಲೇ ಕೋತಿ ಇದೆ (ಲ್ಯಾಟಿನ್‌ನಲ್ಲಿ ಸಿಮಿಯ ಅಂದರೆ ಕೋತಿ). 1912ರಲ್ಲಿ ವರ್ಣಿಸಿದ್ದೂ ಕೋತಿಯ ಚರ್ಮದಿಂದಲೇ. ನಮ್ಮ ದೇಶದಲ್ಲಿ ಕೋಳಿ, ಮನುಷ್ಯ, ಮಣ್ಣು ಎಲ್ಲದರಲ್ಲೂ ಸಿಕ್ಕಿದೆ. ಇದರ ದೊಡ್ಡ ಬೀಜಕಗಳ ಕೆಲವು ಕೋಣೆಗಳು ದಿನ ಕಳೆದಂತೆ ಊದಿ, ಗೋಡೆ ದಪ್ಪಗಾಗಿ ದುಂಡಗಾಗುತ್ತವೆ, ಉಳಿದವು ಬರಿದಾಗಿ ಮುರಿದುಬೀಳುತ್ತವೆ. ಹಳೆಯ ಬೆಳೆಯಲ್ಲಿ ಈ ಗುರುತು ಕಂಡರೆ ಹತ್ತಿರ ಬಂದಂತೆ. ಖಚಿತವಾಗಬೇಕಾದರೆ ಐಟಿಎಸ್ ಅನುಕ್ರಮ (ಫಂಗಸ್‌ನ ಜಾತಿ ಗುರುತಿಸುವ ಡಿಎನ್‌ಎ ಪರೀಕ್ಷೆ) ಮಾಡಿಸಿ. ಕೀಪರ್‌ನ ಸ್ಯಾಂಪಲನ್ನೂ ಅದೇ ಜೊತೆಗೆ ಕಳಿಸಿ.

ಹೆಬ್ಬಲಸು:
ಕೀಪರ್ ವಿಷಯ ಪಕ್ಕಕ್ಕಿಡುವಂಥದ್ದಲ್ಲ. ಅಂಗಡಿಯಲ್ಲಿ ಸಿಗುವ ಆ ಟ್ಯೂಬುಗಳಲ್ಲಿ ಫಂಗಸ್ ಔಷಧಿಯ ಜೊತೆ ಬೀಟಾಮೆಥಸೋನ್, ಕ್ಲೋಬಿಟಾಸಾಲ್‌ನಂಥ ಸ್ಟೀರಾಯ್ಡ್ ಇರುತ್ತದೆ. ಮೂರು ದಿನಕ್ಕೆ ಕೆಂಪು ಇಳಿಯುತ್ತದೆ, ಅಂಚು ಅಳಿಸಿಹೋಗುತ್ತದೆ, ಫಂಗಸ್ ಮಾತ್ರ ಒಳಗೆ ಹರಡುತ್ತಲೇ ಇರುತ್ತದೆ. ಆಮೇಲೆ ಯಾವ ವೈದ್ಯರಿಗೂ ಗುರುತು ಸಿಗುವುದಿಲ್ಲ. ಈಗ ಊರೂರಲ್ಲಿ ಜನರಿಗೆ ಹರಡಿರುವ ಟ್ರೈಕೋಫೈಟಾನ್ ಇಂಡೋಟಿನಿಯೆ, 2020ರಲ್ಲಿ ಈ ಹೆಸರು ಪಡೆದದ್ದು, ಅನೇಕ ಸಲ ಟರ್ಬಿನಾಫಿನ್ ಎಂಬ ಫಂಗಸ್ ಔಷಧಿಗೆ ಬಗ್ಗುವುದೇ ಇಲ್ಲ. ಅದು ಕೀಪರ್‌ನಲ್ಲಿದ್ದರೆ ಮರಿಯ ಚಿಕಿತ್ಸೆಯ ಲೆಕ್ಕವೂ ಬದಲಾಗುತ್ತದೆ. ಅವರನ್ನು ಚರ್ಮವೈದ್ಯರ ಹತ್ತಿರ ಕಳಿಸಿ, ವಾಸಿಯಾಗುವವರೆಗೆ ಸಂಬಳ ಕಡಿಯದೆ ಬೇರೆ ಕೆಲಸ ಕೊಡಿ. ಕೆಲಸ ಹೋಗುತ್ತದೆಂಬ ಭಯವಿದ್ದರೆ ಯಾರೂ ಮೈ ತೋರಿಸುವುದಿಲ್ಲ.

ಮರಿಗೆ ಗ್ರಿಸಿಯೊಫಲ್ವಿನ್ ಎಂಬ ಫಂಗಸ್ ಮಾತ್ರೆ, ಕೆ.ಜಿ.ಗೆ 20 ಮಿ.ಗ್ರಾಂ. ದಿನಕ್ಕೊಮ್ಮೆ, ಕನಿಷ್ಠ 30 ದಿನ. ಒಂದೂವರೆ ಕೆ.ಜಿ. ಮರಿಗೆ 30 ಮಿ.ಗ್ರಾಂ. 250 ಮಿ.ಗ್ರಾಂ.ನ ಒಂದು ಮಾತ್ರೆಯನ್ನು ನುಣ್ಣಗೆ ಅರೆದು 10 ಮಿ.ಲೀ. ಮಾಡಿದರೆ ಮಿ.ಲೀ.ಗೆ 25, ಆದ್ದರಿಂದ 1.2 ಮಿ.ಲೀ. ಇದು ಕರಗುವುದಿಲ್ಲ, ತಳಕ್ಕೆ ಕೂರುತ್ತದೆ, ಪ್ರತಿಸಲ ಕುಲುಕಿ, ದಿನದಿನ ಹೊಸದಾಗಿ ಮಾಡಿ. ಜಿಡ್ಡಿನ ಜೊತೆ ಮಾತ್ರ ಚೆನ್ನಾಗಿ ಹೀರಿಕೊಳ್ಳುತ್ತದೆ, ಹಾಗಾಗಿ ಅರೆದ ಕಡಲೆಕಾಯಿ ಮತ್ತು ಬಾಳೆಹಣ್ಣಿನಲ್ಲಿ ಕಲಸಿ. ಬಸುರಿ ಹೆಣ್ಣಿಗೆ ಈ ಔಷಧಿ ಕೊಡಲೇಬಾರದು, ಹೊಟ್ಟೆಯ ಮರಿಗೆ ತೊಂದರೆ. ಗ್ರಿಸಿಯೊಫಲ್ವಿನ್ ಹಿಡಿಯದಿದ್ದರೆ ಇಟ್ರಾಕೊನಜೋಲ್ ಇದೆ. ಆಗ ಯಕೃತ್ತಿನ ರಕ್ತಪರೀಕ್ಷೆಯನ್ನು ಶುರುವಿಗೂ ತಿಂಗಳಿಗೂ ಮಾಡಿಸಿ. ಕ್ಯಾಪ್ಸೂಲಿನೊಳಗಿನ ಕಾಳುಗಳನ್ನು ಅರೆಯಬೇಡಿ.

ಕೊಡುವ ರೀತಿ ಮುಖ್ಯ. ಗುಂಪಿನಲ್ಲಿ ಕೊಟ್ಟರೆ ದೊಡ್ಡ ಗಂಡು ಕಸಿದುಕೊಳ್ಳುತ್ತದೆ. ಬೇರೆ ಮಾಡಿ ಕೊಟ್ಟರೂ ಮರಿ ಉಂಡೆಯನ್ನು ಕೆನ್ನೆಚೀಲಕ್ಕೆ ತಳ್ಳಿ, ನೀವು ತಿರುಗಿದ ಮೇಲೆ ಕಹಿ ಭಾಗವನ್ನು ಮಾತ್ರ ಉಗುಳುತ್ತದೆ. ಮೊದಲು ಔಷಧಿಯಿಲ್ಲದ ಸಣ್ಣ ಉಂಡೆ, ಆಮೇಲೆ ಔಷಧಿಯದ್ದು, ಅದು ಬಾಯಲ್ಲಿರುವಾಗಲೇ ಮೂರನೆಯದನ್ನು ಕಣ್ಣೆದುರು ಹಿಡಿಯಿರಿ. ಮೂರನೆಯದರ ಆಸೆಗೆ ಎರಡನೆಯದನ್ನು ನುಂಗುತ್ತದೆ. ಕೆನ್ನೆ ಉಬ್ಬಿಲ್ಲವೆಂದು ನೋಡಿ, 15 ನಿಮಿಷ ಬಿಟ್ಟು ಗುಂಪಿಗೆ ಸೇರಿಸಿ.

ಗೇರುಮರ:
ಮೈಗೆ ಹಚ್ಚಲು ಬೇವಿನೆಣ್ಣೆ, ಗಂಧಕ ಕೊಬ್ಬರಿಎಣ್ಣೆ ಎಂದು ಹಲವರು ಹೇಳುತ್ತಿದ್ದಾರೆ.

ಹೊನ್ನೆ:
ಮೈಮೇಲೆ ಹಚ್ಚಿದ್ದೆಲ್ಲ ಕೋತಿಯ ಹೊಟ್ಟೆಗೆ ಎಂದೇ ತಿಳಿಯಿರಿ, ಅದರದ್ದು ಅಥವಾ ಹೇನು ನೋಡುವ ಜೊತೆಗಾರನದ್ದು. ಬೇವಿನೆಣ್ಣೆ ನೆಕ್ಕಿದರೆ ವಾಂತಿ. ಸೀಮೆಎಣ್ಣೆ ಹಚ್ಚುವವರೂ ಇದ್ದಾರೆ, ಚರ್ಮ ಸುಟ್ಟು ಕೋತಿ ಸಾಯಬಹುದು. ಕ್ಲೋರ್‌ಹೆಕ್ಸಿಡಿನ್ 2%, ಮೈಕೊನಜೋಲ್ 2% ಇರುವ ಶಾಂಪೂವಿನಿಂದ ವಾರಕ್ಕೆ ಎರಡು ಸಲ, ನೊರೆ 10 ನಿಮಿಷ ನಿಂತ ಮೇಲೆ ಪೂರ್ತಿ ತೊಳೆದು ಒಣಗಿಸಿ. ಹುಬ್ಬಿನ ಮಚ್ಚೆ ಕಣ್ಣಿಗೆ ಹತ್ತಿರ, ಅಲ್ಲಿ ಶಾಂಪೂ ಬೇಡ, ಬರಿ ಮೈಕೊನಜೋಲ್ ಕ್ರೀಮನ್ನು ಹತ್ತಿಕಡ್ಡಿಯಲ್ಲಿ ತೆಳುವಾಗಿ ಹಚ್ಚಿ.

ಪಂಜರ ತೊಳೆಯದಿದ್ದರೆ ಮಾತ್ರೆ ದಂಡ. ಮೈಕ್ರೋಸ್ಪೋರಂ ಕ್ಯಾನಿಸ್‌ನ ಬೀಜಕ ಒಣಗಿದ ಕೂದಲಿನಲ್ಲಿ ಒಂದೂವರೆ ವರ್ಷದವರೆಗೂ ಬದುಕಬಲ್ಲದು, ಮರಿಯ ಫಂಗಸನ್ನೂ ಹಾಗೆಯೇ ಎಣಿಸಿ. ಗೋಣಿಚೀಲ, ಹಗ್ಗದ ಉಯ್ಯಾಲೆ, ಸೀಳಿದ ಮರದ ಹಲಗೆ ಶುದ್ಧ ಮಾಡಲು ಆಗುವುದಿಲ್ಲ, ಸುಡಿ. ಉಳಿದದ್ದನ್ನು ಒಣಗಿದ್ದಂತೆಯೇ ಗುಡಿಸಬೇಡಿ, ಧೂಳೆದ್ದು ಎಲ್ಲರ ಮೇಲೂ ಕೂರುತ್ತದೆ. ನೀರು ಚಿಮುಕಿಸಿ ಕೂದಲು ಬಳಿದು, ಸೋಪಿನ ನೀರಿನಲ್ಲಿ ಉಜ್ಜಿ ತೊಳೆಯಿರಿ. ಆಮೇಲೆ 10 ಲೀಟರ್ ಬಕೆಟ್ಟಿಗೆ 30% ಕ್ಲೋರಿನ್ನಿನ ಬ್ಲೀಚಿಂಗ್ ಪೌಡರ್ 60 ಗ್ರಾಂ, ತಿಳಿಯಾದ ಮೇಲಿನ ನೀರು ಮಾತ್ರ, 10 ನಿಮಿಷ ಒದ್ದೆಯಾಗಿ ನಿಲ್ಲಬೇಕು. ಪೌಡರ್ ಡಬ್ಬಿ ತೆರೆದು ತಿಂಗಳುಗಟ್ಟಲೆ ಆಗಿದ್ದರೆ ಕ್ಲೋರಿನ್ ಹಾರಿಹೋಗಿರುತ್ತದೆ, ಹೊಸದು ತನ್ನಿ. ಲದ್ದಿ, ಮಣ್ಣು ಉಳಿದಲ್ಲಿ ಬ್ಲೀಚ್ ಕೆಲಸ ಮಾಡದು. ಆ್ಯಸಿಡ್, ಫಿನಾಯಿಲ್ ಜೊತೆ ಬೆರೆಸಬೇಡಿ. ಕೋತಿಗಳನ್ನು ಬೇರೆ ಕಡೆ ಹಾಕಿ, ಕೊನೆಗೆ ಬರಿ ನೀರಿನಲ್ಲಿ ತೊಳೆದು ಬಿಸಿಲಿಗೆ ಬಿಡಿ. ಇದನ್ನು ವಾರಕ್ಕೆರಡು ಸಲ ಮಾಡಿ. ಕೋಳಿಗೂಡನ್ನು ದೂರಕ್ಕೆ ಸಾಗಿಸಿ, ಅಡುಗೆಮನೆಯ ಬೆಕ್ಕು ಆವರಣಕ್ಕೆ ಬರದಂತೆ ಬಲೆ ಹಾಕಿ.

ಗೇರುಮರ:
ಮಚ್ಚೆಯಲ್ಲಿ ಹೊಸ ಕೂದಲು ಮೊಳೆತರೆ ಮಾತ್ರೆ ನಿಲ್ಲಿಸಬಹುದೇ? ಉಳಿದ ಏಳು ಕೋತಿಗಳಿಗೆ ಏನು?

ಅಗರ್_ತಟ್ಟೆ:
ಕೂದಲು ಮೊದಲು ಬರುತ್ತದೆ, ಫಂಗಸ್ ಆಮೇಲೆ ಹೋಗುತ್ತದೆ. ಅಲ್ಲಿ ನಿಲ್ಲಿಸಿದರೆ ಮತ್ತೆ ಬರುವುದು ಖಚಿತ. ಹೊಸ ಹಲ್ಲುಜ್ಜುವ ಬ್ರಷ್‌ನಿಂದ, ಪೊಟ್ಟಣದಿಂದ ಆಗಷ್ಟೇ ತೆಗೆದದ್ದು, ಮೈಯೆಲ್ಲ 2-3 ನಿಮಿಷ ಬಾಚಿ, ಮಚ್ಚೆಯ ಜಾಗವನ್ನು ಕೊನೆಗೆ ಬಾಚಿ, ಬ್ರಷ್ಷನ್ನೇ ಕಾಗದದ ಲಕೋಟೆಯಲ್ಲಿ ಕಳಿಸಿ. ಎರಡು ವಾರದ ಅಂತರದಲ್ಲಿ ಎರಡು ಕಲ್ಚರ್ ನೆಗೆಟಿವ್ ಬಂದ ಮೇಲೆ ನಿಲ್ಲಿಸಿ. ಉಳಿದ ಏಳಕ್ಕೂ ಒಂದೊಂದು ಬ್ರಷ್. ಮಚ್ಚೆಯಿಲ್ಲದೆ ಬ್ರಷ್ ಪಾಸಿಟಿವ್ ಬಂದರೆ ಅದು ಮೈಮೇಲೆ ಬೀಜಕ ಹೊತ್ತಿದೆ ಅಷ್ಟೆ, ಶಾಂಪೂ ಮಾಡಿಸಿ ಎರಡು ವಾರ ಬಿಟ್ಟು ಮತ್ತೆ ಬ್ರಷ್ ಮಾಡಿ. ಬ್ರಷ್ ಮೇಲೆ ಕೋತಿಯ ಗುರುತು, ದಿನಾಂಕ, ಶಾಂಪೂ ಆಗಿ ಎಷ್ಟು ದಿನ ಎಂಬುದನ್ನು ಬರೆಯಿರಿ. ಶಾಂಪೂ ಮಾಡಿದ ಮರುದಿನವೇ ತೆಗೆದ ಬ್ರಷ್ ಸುಳ್ಳು ನೆಗೆಟಿವ್ ಕೊಡುತ್ತದೆ, ಐದಾರು ದಿನ ಬಿಡಿ.

ಗೇರುಮರ:
ಸರಿ. ಏಳು ಬ್ರಷ್ ಇವತ್ತೇ ತರಿಸುತ್ತೇನೆ. ಕೋಳಿಗೂಡು ನಾಳೆ ಹೋಗುತ್ತದೆ.